ಕುದುರೆಮುಖಕ್ಕೆ ಹೆರಡುವ ಮದಲು

ಮಕ್ಕೊ ದಸರೆ ರಜೆಲಿ ಕುದುರೆಮುಖ ಹತ್ತುತ್ತೆಯೊ ಹೇಳಿ ಹೆರಟಿದವು. ಇಂಬಳಕ್ಕೆ ಉಪ್ಪು, ಮಳೆಗೆ ಕೊಡೆ ಹೇಳ್ತ ಲೆಕ್ಕದ ಎಡೆಲಿ ಆ ಗುಡ್ಡೆಯ ಕತೆಯೂ ಗೊಂತಿರೆಕ್ಕನ್ನೆ, ಅತ್ತಿಗೆಕ್ಕಳೇ.

ಕುದುರೆ ಮೋರೆಯ ಹಾಂಗೆ ಕಾಂಬ ಕಾರಣ ಆ ಹೆಸರು. ಆದರೆ ಪೇಟೆ ಆದ್ದು ಕಬ್ಬಿಣದ ಅದಿರಿಂದ. 1976ರಲ್ಲಿ ಸರ್ಕಾರದ ಕಂಪೆನಿ ಸುರು ಆತು. ಪೈಸೆ ಕೊಟ್ಟು ಅದಿರು ತೆಕ್ಕೊಳ್ತೆಯೊ ಹೇಳಿದ್ದು ಇರಾನು. 1979ರಲ್ಲಿ ಅಲ್ಯಾಣ ರಾಜನೇ ದೇಶ ಬಿಟ್ಟು ಹೋದ, ಕೊಂಬ ಜೆನವೇ ಇಲ್ಲೆ! ಆದರೂ ಕೆಲಸ ನಿಂದಿದಿಲ್ಲೆ. ಗುಡ್ಡೆ ಅಗದು, ಹೊಡಿ ಮಾಡಿ, ದೋಸೆ ಹಿಟ್ಟಿನ ಹಾಂಗೆ ನೀರಿಲಿ ಕಲಸಿ, 67 ಕಿಲೋಮೀಟರು ಉದ್ದದ ಪೈಪಿಲಿ ಮಂಗ್ಳೂರಿಂಗೆ ಇಳಿಶಿಕೊಂಡಿತ್ತಿದ್ದವು. ಒಳುದ ಕೆಸರು ಲಕ್ಯಾ ಅಣೆಕಟ್ಟಿಂಗೆ.

1987ರಲ್ಲಿ ಅದೇ ಕಾಡು ರಾಷ್ಟ್ರೀಯ ಉದ್ಯಾನ ಆತು. ಭದ್ರೆಗೆ ಮಣ್ಣು ಸೇರ್ತು ಹೇಳಿ ಹೋರಾಟ ಆತು. 2002ರಲ್ಲಿ ಸುಪ್ರೀಂ ಕೋರ್ಟು ನಿಲ್ಲುಸೆಕ್ಕು ಹೇಳಿತ್ತು, 2005ರ ಅಕೇರಿಗೆ ಗಣಿ ನಿಂದತ್ತು. ನದಿಗೆ ಒಳ್ಳೆದೇ ಆತು. ಆದರೆ ಶಾಲೆ, ಆಸ್ಪತ್ರೆ, ಕ್ವಾರ್ಟರ್ಸು ಇದ್ದ ಪೇಟೆ ಹೆಚ್ಚು ಕಮ್ಮಿ ಖಾಲಿ. ಅಲ್ಲಿ ಹುಟ್ಟಿ ಬೆಳದ ಕೂಸುಗೊ ತವರೂರು ಹೇಳಿ ಎಲ್ಲಿಗೆ ಹೋಯೆಕ್ಕು? ಎನಗೆ ಅದೇ ಸಂಕಟ.

ಈಗ ಮುಳ್ಳೋಡಿಂದ ಹತ್ತುಲೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕಾಡಿಲಿ ಟೆಂಟು ಹಾಕುಲಾಗ, ಹೊತ್ತೋಪಗ ಇಳುದು ಬರೆಕ್ಕು. ಕಾಡುಕಿಚ್ಚಿನ ಹೆದರಿಕೆಗೆ ಬೇಸಗೆಲಿ ದಾರಿ ಮುಚ್ಚುತ್ತವು. ದಸರೆ ರಜೆಯೇ ಸರಿ.