ಗಣಕದ ಪರದೆಯ ಮೇಲೆ ಕೋಗಿಲು



ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳವನ್ನು ದಾಟಿ ಯಲಹಂಕದತ್ತ ಸಾಗುವವರಿಗೆ ಕೋಗಿಲು ಎಂಬ ಊರಿನ ಹೆಸರು ಪರಿಚಿತ. ಮೂರೇ ಅಕ್ಷರಗಳ ಈ ಪುಟ್ಟ ಹೆಸರನ್ನು ಮುಂದಿಟ್ಟುಕೊಂಡು ಇಂದು ಒಂದು ದೊಡ್ಡ ಚರಿತ್ರೆಯನ್ನು ನೋಡೋಣ. ಗಣಕಯಂತ್ರವೊಂದು ಈ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡು, ಕಾಪಾಡಿ, ಇಪ್ಪತ್ತು ವರ್ಷಗಳ ಬಳಿಕ ಬೇರೊಂದು ಗಣಕದಲ್ಲಿ ಹಾಗೆಯೇ ತೋರಿಸಬಲ್ಲುದೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಗಣಕದ ಕಾರ್ಯಾಚರಣ ವ್ಯವಸ್ಥೆಯನ್ನು, ಅಂದರೆ ಆಪರೇಟಿಂಗ್ ಸಿಸ್ಟಂ ಅನ್ನು ಅವಲಂಬಿಸಿದೆ.

ಕಾರ್ಯಾಚರಣ ವ್ಯವಸ್ಥೆಯನ್ನು ಮನೆಯ ಯಜಮಾನನಿಗೆ ಹೋಲಿಸಬಹುದು. ಕೀಲಿಮಣೆ, ಪರದೆ, ಮುದ್ರಕ, ಸ್ಮೃತಿ ಇವೆಲ್ಲವೂ ಅದರ ಅಪ್ಪಣೆಯಂತೆ ನಡೆಯುತ್ತವೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1969ರಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ಗೆ ಅಡಿಪಾಯ ಹಾಕಿದರು. 1981ರಲ್ಲಿ ಐಬಿಎಂ ಸಂಸ್ಥೆಯ ಪರ್ಸನಲ್ ಕಂಪ್ಯೂಟರ್ ಬಂದಾಗ ಮೈಕ್ರೋಸಾಫ್ಟ್‌ನ ಡಾಸ್ ಮೇಜಿನ ಮೇಲೆ ಬಂದು ಕುಳಿತಿತು. 1984ರಲ್ಲಿ ಆಪಲ್ ಸಂಸ್ಥೆಯ ಮೆಕಿಂಟಾಷ್, ಚಿತ್ರ ಮತ್ತು ಮೌಸ್‌ಗಳ ಮೂಲಕ ಗಣಕವನ್ನು ನಡೆಸುವ ಕ್ರಮವನ್ನು ಜನಪ್ರಿಯಗೊಳಿಸಿತು. 1995ರಲ್ಲಿ ಬಂದ ವಿಂಡೋಸ್ 95 ಕಚೇರಿ, ಮನೆ, ಅಂಗಡಿಗಳನ್ನೆಲ್ಲ ಆವರಿಸಿತು. ಈ ಯಜಮಾನರೆಲ್ಲ ಹುಟ್ಟಿನಿಂದ ಇಂಗ್ಲಿಷ್ ಬಲ್ಲವರು. ಕನ್ನಡವಾದರೋ ಅವರ ಮನೆಗೆ ಅತಿಥಿಯಾಗಿ ಪ್ರವೇಶಿಸಬೇಕಾಯಿತು.

ಅತಿಥಿಗೆ ದಾರಿ ಮಾಡಿಕೊಟ್ಟವರು ನಮ್ಮವರೇ. ದಕ್ಷಿಣ ಕನ್ನಡದ ಕಿನ್ನಿಕಂಬಳ ಮೂಲದ ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಧ್ವನಿಗಳನ್ನು ತರ್ಕಬದ್ಧವಾಗಿ ಜೋಡಿಸಿದರು. ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿನಲ್ಲಿ ‘ಸೇಡಿಯಾಪು’ ಎಂಬ ತಂತ್ರಾಂಶವನ್ನು ಸಿದ್ಧಪಡಿಸಿ ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳನ್ನು ಸೇರಿತು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವೇ ರಾಜ್ಯದ ಅಧಿಕೃತ ವಿನ್ಯಾಸಕ್ಕೆ ಆಧಾರವಾಯಿತು. ಆ ಕೀಲಿಮಣೆಯಲ್ಲಿ ಕೋಗಿಲು ಎಂದು ಬರೆಯಲು ಆರು ಕೀಲಿಗಳನ್ನು ಒತ್ತಿದರೆ ಸಾಕು.

ಆದರೆ ಒಂದು ತೊಡಕು ಉಳಿಯಿತು. ಅಂದಿನ ಫಾಂಟುಗಳಲ್ಲಿ ಇದ್ದದ್ದು 256 ಸ್ಥಾನಗಳು ಮಾತ್ರ. ರೋಮನ್ ಅಕ್ಷರಗಳಿಗೆ ಮೀಸಲಾದ ಆ ಸ್ಥಾನಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿ, ಅವುಗಳನ್ನು ಜೋಡಿಸಿ ಪದವನ್ನು ತೋರಿಸಲಾಗುತ್ತಿತ್ತು. ಪರದೆಯ ಮೇಲೆ ಕಾಣುವುದು ಕನ್ನಡ. ಕಡತದೊಳಗೆ ಇರುವುದು ರೋಮನ್ ಚಿಹ್ನೆಗಳ ಸಾಲು. ಆ ಫಾಂಟ್ ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ನುಡಿಯಲ್ಲಿ ಬರೆದ ಕೋಗಿಲು ಮಾಯವಾಗಿ, ರೋಮನ್ ಲಿಪಿಯ ‘ಪಿ’ ಮತ್ತು ‘ವಿ’ಗಳ ನಡುವೆ ತಲೆಯ ಮೇಲೆ ಗೀಟು, ಚುಕ್ಕೆ ಹೊತ್ತ ವಿಚಿತ್ರ ಚಿಹ್ನೆಗಳು ಕಾಣಿಸಿಕೊಳ್ಳುತ್ತಿದ್ದವು. ಒಂದು ತಂತ್ರಾಂಶದ ಕನ್ನಡ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಹುಡುಕುವುದಾಗಲಿ, ಅಕಾರಾದಿಯಾಗಿ ಜೋಡಿಸುವುದಾಗಲಿ ಸುಲಭವಿರಲಿಲ್ಲ. ಶಾಲೆಯ ಸ್ಮರಣ ಸಂಚಿಕೆ, ಪಂಚಾಯಿತಿಯ ದಾಖಲೆ, ಕವಿಯ ಹಸ್ತಪ್ರತಿ ಎಲ್ಲಕ್ಕೂ ಇದೇ ಅಪಾಯ. ತಾಳೆಗರಿಗೆ ಹುಳು ಹಿಡಿಯುವಂತೆ ಕಡತಕ್ಕೂ ಹುಳು ಹಿಡಿಯಬಲ್ಲುದೆಂದು ನಾವು ಆಗ ಕಲಿತೆವು.

ಇದಕ್ಕೆ ಪರಿಹಾರ ಯುನಿಕೋಡ್. ಜಗತ್ತಿನ ಪ್ರತಿ ಲಿಪಿಯ ಪ್ರತಿ ಚಿಹ್ನೆಗೂ ತನ್ನದೇ ಸಂಖ್ಯೆಯನ್ನು ಕೊಡುವ ಈ ಮಾನಕದ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳು ದೊರೆತವು. ಅದರಂತೆ ಕೋಗಿಲು ಎಂದರೆ 3221, 3275, 3223, 3263, 3250, 3265 ಎಂಬ ಆರು ಸಂಖ್ಯೆಗಳು: ಕಕಾರ, ಓತ್ವ, ಗಕಾರ, ಗುಡಿಸು, ಲಕಾರ, ಕೊಂಬು. ಟೋಕಿಯೋದಲ್ಲಿರಲಿ, ತುಮಕೂರಿನಲ್ಲಿರಲಿ, ಈ ಸಂಖ್ಯೆಗಳಿಗೆ ಅರ್ಥ ಒಂದೇ.

ಆದರೆ ಸಂಖ್ಯೆ ಸಿಕ್ಕಮಾತ್ರಕ್ಕೆ ಅಕ್ಷರ ಮೂಡುವುದಿಲ್ಲ. ಕಕಾರಕ್ಕೆ ಓತ್ವವನ್ನು ಸೇರಿಸಿ ‘ಕೋ’ ಎಂದು ಬರೆಯುವ ವಿದ್ಯೆಯನ್ನು ಕಾರ್ಯಾಚರಣ ವ್ಯವಸ್ಥೆ ಕಲಿಯಬೇಕು. ಮೈಕ್ರೋಸಾಫ್ಟ್ ಇದನ್ನು ವಿಂಡೋಸ್‌ಗೆ ಕಲಿಸಿದ್ದು 2001ರ ಎಕ್ಸ್‌ಪಿ ಆವೃತ್ತಿಯಲ್ಲಿ. ಅದರೊಂದಿಗೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಮಾನಕ ಬಂದ ಮೇಲೂ ಹತ್ತು ವರ್ಷ ಕನ್ನಡ ಕಾಯಬೇಕಾಯಿತೆಂಬುದು ಗಮನಾರ್ಹ.

ಯುನಿಕೋಡ್ ಬಂದ 1991ರಲ್ಲಿಯೇ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸ್ ಅನ್ನು ಹೊರತಂದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಆರಂಭಿಸಿದ್ದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಅದು ಸೇರಿದಾಗ, ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ವ್ಯವಸ್ಥೆಯೊಂದು ಸಿದ್ಧವಾಯಿತು. ಅದು ಬೆಂಗಳೂರಿಗೂ ಪ್ರೇರಣೆ ನೀಡಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆಯವರು ಕೂಡಿ ಲಿನಕ್ಸ್ ಆಧಾರದ ಮೇಲೆ ಅಂಗೈಯಗಲದ ‘ಸಿಂಪ್ಯೂಟರ್’ ಅನ್ನು ರೂಪಿಸಿದರು. ಬರೆದುದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ತಂತ್ರಾಂಶವೂ ಈ ಪ್ರಯತ್ನದಲ್ಲಿಯೇ ಬೆಳೆಯಿತು. ಅಕ್ಷರ ಬಾರದವರಿಗೂ ಗಣಕ ದಕ್ಕಬೇಕೆಂಬುದು ಅವರ ಆಶಯ. 2004ರಲ್ಲಿ ಬಿಇಎಲ್ ಸಂಸ್ಥೆಯ ಸಹಯೋಗದಲ್ಲಿ ‘ಅಮಿದಾ ಸಿಂಪ್ಯೂಟರ್’ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಆದರೆ ಸ್ಪರ್ಶಕ್ಕೆ ಸ್ಪಂದಿಸುವ, ಅಂಗೈಯಲ್ಲಿ ಹಿಡಿಯುವ ಗಣಕವೇ ಮುಂದೆ ಜಗತ್ತನ್ನು ಗೆದ್ದಿತು. ಅವರು ಹಿಡಿದ ದಾರಿ ತಪ್ಪಾಗಿರಲಿಲ್ಲ.

ಯಾವ ಕಾರ್ಯಾಚರಣ ವ್ಯವಸ್ಥೆ ಶ್ರೇಷ್ಠ ಎಂದು ವಿದ್ಯಾರ್ಥಿಗಳು ಆಗಾಗ ಕೇಳುವುದುಂಟು. ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕನ್ನಡದ ಮುದ್ರಣಕಾರ್ಯ ಬಹುಕಾಲ ನಡೆದದ್ದು ವಿಂಡೋಸ್ ಮೇಲೆ; ಆ ಉಪಕಾರವನ್ನು ಮರೆಯಲಾಗದು. ಆದರೆ ಯಜಮಾನ ಮನೆ ಬದಲಿಸೆಂದಾಗ ಬಾಡಿಗೆದಾರ ಹೊರಡಲೇಬೇಕು. 2025ರ ಅಕ್ಟೋಬರಿನಲ್ಲಿ ವಿಂಡೋಸ್ 10ಕ್ಕೆ ಉಚಿತ ಬೆಂಬಲ ಸಾಮಾನ್ಯವಾಗಿ ನಿಂತಾಗ, ಹೊಸ ಆವೃತ್ತಿಗೆ ಹೊಂದದ ಎಷ್ಟೋ ಯಂತ್ರಗಳು ಕೆಟ್ಟಿರದಿದ್ದರೂ ಹಳತಾದವು. ಅಂತಹ ಯಂತ್ರಕ್ಕೆ ಲಿನಕ್ಸ್ ಇನ್ನಷ್ಟು ವರ್ಷಗಳ ಆಯುಷ್ಯ ಕೊಡಬಲ್ಲುದು. ಕೇರಳದ ಸರ್ಕಾರಿ ಶಾಲೆಗಳು ಸ್ವತಂತ್ರ ತಂತ್ರಾಂಶವನ್ನು ಆರಿಸಿಕೊಂಡುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಗಣಕಗಳಲ್ಲಿಯೇ ಪಾಠ ಕಲಿಯುತ್ತಿದ್ದಾರೆ. ಶಾಲೆಯಲ್ಲಿ ಕಲಿಸಬೇಕಾದುದು ಗಣಕದ ತತ್ತ್ವವನ್ನು. ಒಂದೇ ಸಂಸ್ಥೆಯ ಗುಂಡಿಗಳ ಸ್ಥಾನವನ್ನಷ್ಟೇ ಕಲಿತವನು ಗುಂಡಿ ಜಾಗ ಬದಲಿಸಿದ ದಿನ ಕಕ್ಕಾಬಿಕ್ಕಿಯಾಗುತ್ತಾನೆ.

ಇಂದು ಬಹುಪಾಲು ಕನ್ನಡಿಗರ ಕೈಗೆ ಸಿಗುವ ಮೊದಲ ಗಣಕ ಮೊಬೈಲ್ ಫೋನು. ಆಂಡ್ರಾಯ್ಡ್‌ನ ಒಡಲಲ್ಲಿರುವುದೂ ಲಿನಕ್ಸೇ. ಆದರೂ ಮೊದಲ ಆಂಡ್ರಾಯ್ಡ್ ಫೋನು 2008ರಲ್ಲಿ ಬಂದರೆ, ಆ ವ್ಯವಸ್ಥೆಯಲ್ಲೇ ಕನ್ನಡ ಲಿಪಿಗೆ ಬೆಂಬಲ ಬಂದದ್ದು 2012ರ ಆವೃತ್ತಿಯಲ್ಲಿ. ಪ್ರತಿ ಹೊಸ ಯಂತ್ರದ ಬಾಗಿಲಲ್ಲೂ ಕನ್ನಡ ಒಮ್ಮೆ ಕಾಯುತ್ತದೆ. ಒಳಗಿನಿಂದ ಯಾರಾದರೂ ಬಾಗಿಲು ತೆರೆಯಬೇಕು. ಮಾತನ್ನು ಕೇಳಿ ಬರೆಯುವ, ಪ್ರಶ್ನೆಗೆ ಉತ್ತರಿಸುವ ಇಂದಿನ ಗಣಕಗಳ ವಿಷಯದಲ್ಲೂ ಇದು ನಿಜ. ಅವು ಕನ್ನಡವನ್ನು ಕಲಿಯುವುದು ನಾವು ಓದಲು ಬರುವಂತೆ ಉಳಿಸಿದ ಬರವಣಿಗೆಯಿಂದಲೇ.

ಆದುದರಿಂದ ನಿಮ್ಮ ಮನೆಯಲ್ಲೋ ಶಾಲೆಯಲ್ಲೋ ಹಳೆಯ ಫಾಂಟುಗಳಲ್ಲಿ ಬರೆದ ಕಡತಗಳಿದ್ದರೆ ಈ ರಜೆಯಲ್ಲಿ ಹುಡುಕಿ ತೆಗೆಯಿರಿ. ಅವನ್ನು ಯುನಿಕೋಡ್‌ಗೆ ಪರಿವರ್ತಿಸುವ ಉಪಕರಣಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ತಿದ್ದಿ. ಎಡವುವುದು ಹೆಚ್ಚಾಗಿ ಅಲ್ಲಿಯೇ. ನಿಮ್ಮೂರಿನ ಹೆಸರು ಅದರಲ್ಲಿದ್ದರೆ, ಮುಂದಿನ ತಲೆಮಾರಿನವರು ಯಾವ ಯಂತ್ರದ ಮುಂದೆ ಕುಳಿತರೂ ಅದನ್ನು ಓದಬಲ್ಲರು.