ಟ್ರಿನಿಟಿ ಚರ್ಚು: ದಂಡು ಬೆಂಗಳೂರಿನ ಪೂರ್ವದ ಅಂಚು

ಬೆಂಗಳೂರಿಗೆ ರಜೆಗೆ ಬರುವ ಎಷ್ಟೋ ಕನ್ನಡಿಗರಿಗೆ ಟ್ರಿನಿಟಿ ಎಂದರೆ ಮೆಟ್ರೊ ನಿಲ್ದಾಣ, ಇಲ್ಲವೇ ವಾಹನಗಳು ಸಾಲುಗಟ್ಟಿ ನಿಲ್ಲುವ ವೃತ್ತ. ಆ ಎರಡಕ್ಕೂ ಹೆಸರು ಬಂದದ್ದು ಮಹಾತ್ಮ ಗಾಂಧಿ ರಸ್ತೆಯ ಪೂರ್ವದ ತುದಿಯಲ್ಲಿರುವ ಹೋಲಿ ಟ್ರಿನಿಟಿ ಚರ್ಚಿನಿಂದ. 1851ರಲ್ಲಿ ಬ್ರಿಟಿಷ್ ಸೈನಿಕರ ಪ್ರಾರ್ಥನೆಗೆಂದು ಕಟ್ಟಿದ ಈ ಆಂಗ್ಲಿಕನ್ ಚರ್ಚು, ಬೆಂಗಳೂರು ಒಂದಲ್ಲ ಎರಡು ಊರಾಗಿದ್ದ ಕಾಲದ ಸಾಕ್ಷಿ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಈಸ್ಟ್ ಇಂಡಿಯಾ ಕಂಪನಿಯ ಸೇನೆ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತ್ತು. ಅಲ್ಲಿನ ಜ್ವರದ ಕಾಟ ತಾಳಲಾರದೆ ತಂಪು ಹವೆಯ ಜಾಗ ಹುಡುಕಿ, 1809ರಲ್ಲಿ ಬೆಂಗಳೂರಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿತು. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ: ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆಗಳ ಇಕ್ಕಟ್ಟಾದ ಬೀದಿಗಳು, ನೇಯ್ಗೆ, ವ್ಯಾಪಾರ. ಪೂರ್ವಕ್ಕೆ ದಂಡು: ಕವಾಯತಿನ ಮೈದಾನ, ಬ್ಯಾರಕ್ಕು, ವಿಶಾಲ ಕೈತೋಟದ ಬಂಗಲೆಗಳು. ಸೇನೆಯ ಬೆನ್ನಿಗೇ ಮದರಾಸಿನ ಕಡೆಯಿಂದ ಗುತ್ತಿಗೆದಾರರು, ವರ್ತಕರು, ಕೂಲಿಕಾರರು ಬಂದು ನೆಲೆಸಿದರು. ದಂಡಿನ ಬೀದಿಗಳಲ್ಲಿ ಕನ್ನಡಕ್ಕಿಂತ ತಮಿಳು, ಉರ್ದು, ಇಂಗ್ಲಿಷುಗಳೇ ಹೆಚ್ಚಾಗಿ ಕೇಳುತ್ತಿದ್ದುದು ಇದೇ ಕಾರಣಕ್ಕೆ.

ಕವಾಯತು ಮೈದಾನದ ದಕ್ಷಿಣದಂಚಿನ ರಸ್ತೆಗೆ ಸೌತ್ ಪರೇಡ್ ಎಂದು ಹೆಸರಾಯಿತು. ಅದರ ಪಶ್ಚಿಮದ ಕೊನೆಯ ಬಳಿ ಸೇಂಟ್ ಮಾರ್ಕ್ಸ್ ಚರ್ಚು 1812ರಲ್ಲಿ ಮುಗಿದಿತ್ತು. ದಂಡು ಬೆಳೆದಂತೆ ಒಂದೇ ಚರ್ಚು ಸಾಲದೆ, ಪೂರ್ವದ ತುದಿಯಲ್ಲಿ ಟ್ರಿನಿಟಿ ಎದ್ದಿತು. ಆಗ ಮೈಸೂರು ಸಂಸ್ಥಾನದ ಆಡಳಿತ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೈಯಲ್ಲಿತ್ತು.

ಇಂಗ್ಲಿಷ್ ರಿನೈಸಾನ್ಸ್ ಶೈಲಿಯ ಕಟ್ಟಡ ಇದು. ಮುಂದೆ ಕಂಬಗಳ ಮುಖಮಂಟಪ, ಅದರ ಮೇಲೆ ಗೋಪುರ, ಒಳಗೆ ಸುಮಾರು 700 ಮಂದಿ ಕೂರುವಷ್ಟು ಜಾಗ. ಗೋಡೆಗಳಲ್ಲಿ ಸೈನಿಕರ, ಅಧಿಕಾರಿಗಳ ಸ್ಮಾರಕ ಫಲಕಗಳಿವೆ. ಅವುಗಳಲ್ಲಿ ಹೆಸರಾದದ್ದು ಮೇಜರ್ ಜನರಲ್ ಕ್ಲೆಮೆಂಟ್ ಹಿಲ್ ಅವರ ಅಮೃತಶಿಲೆಯ ಸ್ಮಾರಕ. ವಾಟರ್ಲೂ ಕದನದಲ್ಲಿ ಹೋರಾಡಿದ ಈ ಸೇನಾನಿ ಪ್ರಾಣ ಬಿಟ್ಟದ್ದು ನಮ್ಮ ಜೋಗದ ಸೀಮೆಯಲ್ಲಿ, 1845ರ ಜನವರಿಯಲ್ಲಿ. ಯುರೋಪಿನ ಮಹಾಯುದ್ಧವೊಂದರ ಕಥೆ ಶರಾವತಿಯ ಕಾಡಿಗೆ ಬಂದು ಮುಗಿದದ್ದನ್ನು ಈ ಒಂದು ಕಲ್ಲು ಹೇಳುತ್ತದೆ.

ಚರ್ಚಿಗಿಂತ ಶತಮಾನಗಳಷ್ಟು ಹಳೆಯದು ಪಕ್ಕದ ಹಲಸೂರು. ಇಲ್ಲಿನ ಸೋಮೇಶ್ವರ ದೇವಾಲಯಕ್ಕೆ ಚೋಳರ ಕಾಲದ ಮೂಲವನ್ನು ಹೇಳುತ್ತಾರೆ. ಆಮೇಲೆ ವಿಜಯನಗರದ ಕಾಲದಲ್ಲಿ ಅದು ವಿಸ್ತಾರವಾಯಿತು. ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗಡಿಗೋಪುರಗಳಲ್ಲಿ ಒಂದು ಹಲಸೂರು ಕೆರೆಯ ಬಳಿ, ಮದ್ರಾಸ್ ಎಂಜಿನಿಯರ್ ಗ್ರೂಪಿನ ಆವರಣದಲ್ಲಿದೆ. ಪಾಳೆಯಗಾರನ ಗಡಿಯ ಗುರುತು, ಸೇನೆಯ ಚರ್ಚು ಎರಡೂ ಇಷ್ಟು ಹತ್ತಿರದಲ್ಲಿವೆ. ಊರಿನ ಪೂರ್ವದ ಎಲ್ಲೆ ಬಹುಕಾಲ ಈ ಸುತ್ತಿನಲ್ಲೇ ಇತ್ತು. ಅದನ್ನು ದಾಟಿದರೆ ಹಳೆಯ ಮದರಾಸು ರಸ್ತೆ, ಹೊಲ, ಹಳ್ಳಿ. ವಿಮಾನ ಕಾರ್ಖಾನೆ ಅತ್ತ ಕಡೆ ಬಂದದ್ದು 1940ರಲ್ಲಿ.

ಪೇಟೆ, ದಂಡು ಎಂಬ ಈ ಎರಡು ಊರುಗಳ ನಡುವಿನ ಗೆರೆ ಬರಿಯ ರೂಢಿಯದಾಗಿರಲಿಲ್ಲ, ಕಾನೂನಿನದೂ ಆಗಿತ್ತು. 1881ರಲ್ಲಿ ಸಂಸ್ಥಾನವನ್ನು ಒಡೆಯರಿಗೆ ಮರಳಿಸಿದಾಗಲೂ ಬ್ರಿಟಿಷರು ದಂಡನ್ನು ತಮ್ಮಲ್ಲೇ ಉಳಿಸಿಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂಬ ಹೆಸರಿನ ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ರೂಪುಗೊಂಡಿತು. ದಂಡಿನ ಆಂಗ್ಲಿಕನ್ ಚರ್ಚುಗಳು ಅದರೊಳಗೆ ಸೇರಿದವು. 1948ರಲ್ಲಿ ಸೌತ್ ಪರೇಡ್ ಗಾಂಧೀಜಿಯ ಹೆಸರು ಪಡೆಯಿತು. 1949ರಲ್ಲಿ ಪೇಟೆ, ದಂಡುಗಳ ಎರಡು ಪುರಸಭೆಗಳು ಒಂದಾಗಿ ಬೆಂಗಳೂರು ನಗರಪಾಲಿಕೆ ಆಯಿತು. ಸೇನೆಯ ಚರ್ಚು, ಸೇನೆಯ ರಸ್ತೆ, ಸೇನೆಯ ಊರು ಮೂರೂ ಎರಡೇ ವರ್ಷಗಳಲ್ಲಿ ಸ್ಥಳೀಯರ ಪಾಲಾದವು.

ಮುಂದಿನ ದೊಡ್ಡ ಬದಲಾವಣೆ 2011ರ ಅಕ್ಟೋಬರ್ 20ರಂದು ಬಂತು. ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ ನಮ್ಮ ಮೆಟ್ರೊ ಮೊದಲ ಸಲ ಓಡಿತು. ಆ ಹಾದಿಗಾಗಿ ರಸ್ತೆಯ ಪಕ್ಕದ ಮರಗಳ ನೆರಳಿನ ನಡಿಗೆಹಾದಿ ಹೋಯಿತು. ಹಳೆಯ ಬೆಂಗಳೂರಿಗರಿಗೆ ಆ ನೋವು ಇನ್ನೂ ಇದೆ.

ಚರ್ಚಿನಲ್ಲಿ ಇಂದಿಗೂ ಭಾನುವಾರದ ಆರಾಧನೆ ನಡೆಯುತ್ತದೆ. ಊರಿಗೆ ಬಂದಾಗ ಮಕ್ಕಳಿಗೆ ಬೆಂಗಳೂರಿನ ಚರಿತ್ರೆ ತೋರಿಸಬೇಕೆನ್ನುವ ಹೆತ್ತವರು ಒಂದು ಬೆಳಗನ್ನು ಈ ಭಾಗಕ್ಕೆ ಮೀಸಲಿಡಬಹುದು. ಮೆಟ್ರೊ ಇಳಿದು ಮೊದಲು ಟ್ರಿನಿಟಿ, ಅಲ್ಲಿಂದ ಸೋಮೇಶ್ವರನ ಗುಡಿ, ಕೊನೆಗೆ ಹಲಸೂರು ಕೆರೆ. ಚೋಳರು, ಕೆಂಪೇಗೌಡರು, ಕಂಪನಿ ಸರ್ಕಾರ, ಈಗಿನ ಮಹಾನಗರ ಎಲ್ಲವೂ ಅಷ್ಟರಲ್ಲೇ ಸಿಗುತ್ತವೆ.