ಒಂದೇ ಹೆಸರು, ಹಲವು ಹಾದಿ: ಒಟ್ಟೊಗಳ ಕಥೆ

ಒಂದು ಕಾಗದದ ಮೇಲೆ ರೋಮನ್ ಲಿಪಿಯ ದೊಡ್ಡ ಅಕ್ಷರಗಳಲ್ಲಿ 'ಒಟ್ಟೊ' ಎಂದು ಬರೆಯಿರಿ. ಓ, ಟಿ, ಟಿ, ಓ ಎಂಬ ನಾಲ್ಕೇ ಅಕ್ಷರಗಳು. ಬಲದಿಂದ ಎಡಕ್ಕೆ ಓದಿದರೂ ಅದೇ ಹೆಸರು. ನಮ್ಮ ಗದಗ, ಕನಕಗಳ ಹಾಗೆ. ಈಗ ಕಾಗದವನ್ನು ಕನ್ನಡಿಗೆ ಹಿಡಿಯಿರಿ. ಪ್ರತಿಬಿಂಬದಲ್ಲಿಯೂ ಅದೇ! ಸಮಮಿತಿಗೆ ಇದಕ್ಕಿಂತ ಸುಲಭವಾದ ಉದಾಹರಣೆ ಸಿಗುವುದು ಕಷ್ಟ.

ಒಟ್ಟೊ ಎಂಬುದು ಜರ್ಮನರ ಬಹು ಹಳೆಯ ಹೆಸರು. ಅದರ ಮೂಲ ಧಾತುವಿಗೆ ಸಿರಿ, ಐಶ್ವರ್ಯ ಎಂಬ ಅರ್ಥವಿದೆ. ನಮ್ಮಲ್ಲಿ ಮಗನಿಗೆ ಸಂಪತ್ ಎಂದು ಹೆಸರಿಡುವುದಿಲ್ಲವೆ, ಹಾಗೆ. ವಿಜ್ಞಾನದ ಪಠ್ಯಪುಸ್ತಕದ ಪುಟಗಳನ್ನು ತಿರುವಿದರೆ ಈ ಹೆಸರಿನವರು ನಿಮಗೆ ಮತ್ತೆ ಮತ್ತೆ ಎದುರಾಗುತ್ತಾರೆ. ಅವರನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ನೋಡಿದರೆ ಏನು ಕಾಣುತ್ತದೆ?

ಚಕ್ರವರ್ತಿಯ ಊರಿನ ಮೇಯರ್

ಮೊದಲ ಪ್ರಸಿದ್ಧ ಒಟ್ಟೊ ವಿಜ್ಞಾನಿಯಲ್ಲ, ಚಕ್ರವರ್ತಿ. 912ರಲ್ಲಿ ಹುಟ್ಟಿದ ಒಂದನೆಯ ಒಟ್ಟೊ 962ರಲ್ಲಿ ರೋಮ್‌ನಲ್ಲಿ ಕಿರೀಟ ಧರಿಸಿದ. ಅವನ ಮಗ ಎರಡನೆಯ ಒಟ್ಟೊ, ಮೊಮ್ಮಗ ಮೂರನೆಯ ಒಟ್ಟೊ. ಅಜ್ಜನ ಸಮಾಧಿ ಇರುವುದು ಆತ ಬೆಳೆಸಿದ ಮಾಗ್ಡೆಬುರ್ಗ್ ನಗರದಲ್ಲಿ.

ಅದೇ ಊರಿನಲ್ಲಿ 1602ರಲ್ಲಿ ಒಟ್ಟೊ ಫಾನ್ ಗ್ಯುರಿಕೆ ಹುಟ್ಟಿದ. 1631ರ ಯುದ್ಧದಲ್ಲಿ ಶತ್ರುಸೇನೆ ನಗರವನ್ನು ಸುಟ್ಟು ಹಾಕಿತು. ಸಾವಿರಾರು ಜನ ಸತ್ತರು. ಎಂಜಿನಿಯರ್ ಆಗಿದ್ದ ಗ್ಯುರಿಕೆ ಬೂದಿಯಾದ ಊರನ್ನು ಮತ್ತೆ ಕಟ್ಟುವ ಕೆಲಸದಲ್ಲಿ ತೊಡಗಿ, ಮುಂದೆ ಮೇಯರ್ ಆದ. ಇದರ ನಡುವೆಯೇ ಆತ ನಿರ್ವಾತ ರೇಚಕವನ್ನು ನಿರ್ಮಿಸಿದ್ದು.

ಸುಮಾರು 50 ಸೆಂ.ಮೀ. ವ್ಯಾಸದ ಎರಡು ತಾಮ್ರದ ಅರ್ಧಗೋಳಗಳನ್ನು ಜೋಡಿಸಿ, ಒಳಗಿನ ಗಾಳಿಯನ್ನು ಹೊರತೆಗೆದು, ಎರಡೂ ಬದಿಗೆ ಎಂಟೆಂಟು ಕುದುರೆ ಕಟ್ಟಿ ಎಳೆಸಿದ ಪ್ರಯೋಗ ನಿಮಗೆ ಗೊತ್ತೇ ಇದೆ. ಲೆಕ್ಕ ಮಾಡಿ ನೋಡಿ. ಅರ್ಧಗೋಳದ ಬಾಯಿಯ ವಿಸ್ತೀರ್ಣ ಸುಮಾರು 0.2 ಚದರ ಮೀಟರ್. ವಾಯುಮಂಡಲದ ಒತ್ತಡ ಚದರ ಮೀಟರಿಗೆ ಸುಮಾರು 1 ಲಕ್ಷ ನ್ಯೂಟನ್. ಒಳಗೆ ಪೂರ್ಣ ನಿರ್ವಾತವಿದ್ದರೆ ಬೇಕಾಗುವ ಬಲ ಸುಮಾರು 20,000 ನ್ಯೂಟನ್. ಅಂದರೆ ಎರಡು ಟನ್ ತೂಕದಷ್ಟು!

ಇಲ್ಲೊಂದು ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಬಹುದು. ಎಂಟು ಕುದುರೆಗಳನ್ನು ಬಿಚ್ಚಿ, ಆ ಬದಿಯನ್ನು ಗಟ್ಟಿ ಗೋಡೆಗೆ ಕಟ್ಟಿದ್ದರೆ ಎಳೆತ ಕಡಿಮೆಯಾಗುತ್ತಿತ್ತೆ? ಇಲ್ಲ. ನ್ಯೂಟನ್ನನ ಮೂರನೆಯ ನಿಯಮದಂತೆ ಗೋಡೆಯೂ ಅಷ್ಟೇ ಬಲದಿಂದ ಎಳೆಯುತ್ತದೆ. ಉಳಿದ ಎಂಟು ಕುದುರೆಗಳು ಪ್ರೇಕ್ಷಕರ ಸಲುವಾಗಿ!

ಎಂಜಿನ್ ಮತ್ತು ರೆಕ್ಕೆ

ಎಂಜಿನ್ನಿನ 'ಆಟೊ ಚಕ್ರ'ದಲ್ಲಿರುವುದೂ ಇದೇ ಹೆಸರು. ಆದರೆ ಇಲ್ಲಿ ಅದು ಮನೆತನದ ಹೆಸರು. ನಿಕೋಲಾಸ್ ಒಟ್ಟೊ 1876ರಲ್ಲಿ ನಾಲ್ಕು ಹೊಡೆತದ ಎಂಜಿನ್ ರೂಪಿಸಿದ. ಆಟೊ ರಿಕ್ಷಾದ 'ಆಟೊ'ಗೂ ಇವನಿಗೂ ಸಂಬಂಧವಿಲ್ಲ. ಅದು 'ತಾನೇ' ಎಂಬರ್ಥದ ಗ್ರೀಕ್ ಪದ. ಆದರೆ ಪೆಟ್ರೋಲ್ ಅಥವಾ ಅನಿಲದಿಂದ ಓಡುವ ನಾಲ್ಕು ಹೊಡೆತದ ರಿಕ್ಷಾ ಎಂಜಿನ್ನಿನಲ್ಲಿ ನಡೆಯುವುದು ಒಟ್ಟೊ ಚಕ್ರವೇ.

ಒಟ್ಟೊ ಲಿಲಿಯೆಂತಾಲ್ ಕೊಕ್ಕರೆಗಳ ಹಾರಾಟವನ್ನು ಗಮನಿಸಿ, ರೆಕ್ಕೆಯ ಮೇಲಿನ ಬಲಗಳನ್ನು ಅಳೆದು, 1889ರಲ್ಲಿ ಪುಸ್ತಕ ಬರೆದ. ಬಳಿಕ ತಾನೇ ರೆಕ್ಕೆ ಕಟ್ಟಿಕೊಂಡು ಗುಡ್ಡಗಳಿಂದ ಸುಮಾರು 2,000 ಬಾರಿ ತೇಲಿದ. 1896ರ ಆಗಸ್ಟ್ 9ರಂದು ಗಾಳಿಯಲ್ಲಿ ಗ್ಲೈಡರ್ ಹತೋಟಿ ತಪ್ಪಿ ಬಿದ್ದು, ಮರುದಿನ ತೀರಿಕೊಂಡ. ಅವನ ಸಾವಿನ ಸುದ್ದಿ ಓದಿದ ರೈಟ್ ಸಹೋದರರು ಹಾರಾಟದತ್ತ ಮನಸ್ಸು ಹರಿಸಿದರು.

ಏಳು ನೊಬೆಲ್ ಒಟ್ಟೊಗಳು

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಸಾಲು ಇನ್ನೂ ದಟ್ಟವಾಗುತ್ತದೆ. ವಾಲಾಖ್ (1910), ಮೇಯರ್‌ಹಾಫ್ (1922), ವಾರ್‌ಬುರ್ಗ್ (1931), ಲೋವಿ (1936), ಸ್ಟರ್ನ್ (1943), ಹಾನ್ (1944), ಡೀಲ್ಸ್ (1950): ವಿಜ್ಞಾನದ ನೊಬೆಲ್ ಪಾರಿತೋಷಿಕ ಪಡೆದ ಈ ಏಳು ಮಂದಿಯ ಹೆಸರೂ ಒಟ್ಟೊ. ಹೆಸರು ಒಂದೇ, ಮಾತೃಭಾಷೆ ಒಂದೇ. ಆದರೆ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಲೆಕ್ಕಕ್ಕೆ ಬಂದದ್ದು ಹೆಸರಲ್ಲ, ಕೆಲಸವೂ ಅಲ್ಲ, ಹುಟ್ಟು ಮಾತ್ರ. ವಾಲಾಖ್ 1931ರಲ್ಲೇ ತೀರಿಕೊಂಡಿದ್ದರು. ಉಳಿದ ಆರು ಮಂದಿಯಲ್ಲಿ ಯೆಹೂದಿ ಮೂಲದ ಮೇಯರ್‌ಹಾಫ್, ಲೋವಿ, ಸ್ಟರ್ನ್ ಮೂವರೂ ದೇಶ ಬಿಡಬೇಕಾಯಿತು.

ಲೋವಿಯವರನ್ನೇ ನೋಡಿ. ಹುಟ್ಟಿದ್ದು 1873ರಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ. ನರ ಮತ್ತು ಹೃದಯದ ನಡುವೆ ಸಂದೇಶ ಸಾಗುವುದು ವಿದ್ಯುತ್ತಿನಿಂದಲೋ ರಾಸಾಯನಿಕದಿಂದಲೋ ಎಂಬ ಪ್ರಶ್ನೆಗೆ ಉತ್ತರ ಹೊಳೆದದ್ದು ಕನಸಿನಲ್ಲಿ. ಎದ್ದು ಗೀಚಿಟ್ಟರು, ಬೆಳಿಗ್ಗೆ ತಮ್ಮ ಬರಹ ತಮಗೇ ಓದಲಾಗಲಿಲ್ಲ! ಮರುರಾತ್ರಿ ಕನಸು ಮರಳಿದಾಗ ನೇರವಾಗಿ ಪ್ರಯೋಗಾಲಯಕ್ಕೆ ನಡೆದರು. ಒಂದು ಕಪ್ಪೆಯ ಹೃದಯದ ವೇಗಸ್ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದಲ್ಲಿದ್ದ ದ್ರವವನ್ನು ಎರಡನೆಯ ಹೃದಯಕ್ಕೆ ಹಾಕಿದಾಗ ಅದೂ ನಿಧಾನವಾಯಿತು. ಸಂದೇಶವಾಹಕ ಒಂದು ರಾಸಾಯನಿಕ! ಅದು ಅಸಿಟೈಲ್‌ಕೋಲೀನ್ ಎಂದು ಮುಂದೆ ಖಚಿತವಾಯಿತು.

1938ರ ಮಾರ್ಚ್‌ನಲ್ಲಿ ನಾಜಿಗಳು ಆಸ್ಟ್ರಿಯವನ್ನು ಆಕ್ರಮಿಸಿಕೊಂಡ ರಾತ್ರಿಯೇ, ಗ್ರಾಜ್ ನಗರದಲ್ಲಿ ಪ್ರಾಧ್ಯಾಪಕರಾಗಿದ್ದ 64 ವರ್ಷದ ಲೋವಿಯವರ ಬಂಧನವಾಯಿತು. ಸಾವು ಹತ್ತಿರವಿದೆ ಎಂದುಕೊಂಡ ಅವರು ಕಾವಲುಗಾರನಿಂದ ಅಂಚೆಕಾರ್ಡು ಬೇಡಿ, ತಮ್ಮ ಕೊನೆಯ ಪ್ರಯೋಗದ ಫಲಿತಾಂಶವನ್ನು ವಿಜ್ಞಾನ ಪತ್ರಿಕೆಯೊಂದಕ್ಕೆ ಬರೆದು ಕಳಿಸಿದರು. ಸ್ವೀಡನ್ನಿನ ಬ್ಯಾಂಕಿನಲ್ಲಿದ್ದ ನೊಬೆಲ್ ಹಣವನ್ನು ನಾಜಿಗಳ ಹಿಡಿತದ ಬ್ಯಾಂಕಿಗೆ ವರ್ಗಾಯಿಸಿದ ಮೇಲಷ್ಟೇ ದೇಶ ಬಿಡಲು ಅನುಮತಿ ದೊರೆಯಿತು.

ಸೀಳಿದ ಪರಮಾಣು, ಸೀಳಿದ ಗೆಳೆತನ

ಅದೇ ಫ್ರಾಂಕ್‌ಫರ್ಟ್‌ನಲ್ಲಿ ಆರು ವರ್ಷದ ನಂತರ, 1879ರಲ್ಲಿ, ಒಟ್ಟೊ ಹಾನ್ ಹುಟ್ಟಿದರು. ಅದೇ ಊರಿನಲ್ಲೇ 1922ರಲ್ಲಿ ಒಟ್ಟೊ ಸ್ಟರ್ನ್ ಅವರು ರೂಪಿಸಿದ ಪ್ರಯೋಗವನ್ನು ವಾಲ್ಟರ್ ಗೆರ್ಲಾಖ್ ನೆರವೇರಿಸಿ, ಬೆಳ್ಳಿಯ ಪರಮಾಣುಗಳ ಕಿರಣವನ್ನು ಕಾಂತಕ್ಷೇತ್ರದಲ್ಲಿ ಎರಡಾಗಿ ಒಡೆದು ತೋರಿಸಿದರು. ಸ್ಟರ್ನ್ ಆಗ ಬೇರೆ ಊರಿಗೆ ಹೋಗಿದ್ದರು. ಮುಂದೆ ಅವರು ಹ್ಯಾಂಬರ್ಗ್‌ನಲ್ಲಿ ಪ್ರಾಧ್ಯಾಪಕರಾದರು. ಅವರ ಸಹಾಯಕರಲ್ಲಿ ಒಬ್ಬ ತರುಣನ ಹೆಸರೂ ಒಟ್ಟೊ, ಒಟ್ಟೊ ಫ್ರಿಶ್. 1933ರಲ್ಲಿ ಫ್ರಿಶ್ ಕೆಲಸ ಕಳೆದುಕೊಂಡರು, ಸ್ಟರ್ನ್ ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಹೊರಟರು.

ಬರ್ಲಿನ್ನಿನಲ್ಲಿ ಹಾನ್ ಉಳಿದರು. ಆದರೆ 30 ವರ್ಷ ಅವರೊಂದಿಗೆ ದುಡಿದ ಲೀಸ್ ಮೈಟ್ನರ್ 1938ರ ಜುಲೈನಲ್ಲಿ ರಹಸ್ಯವಾಗಿ ಪಾರಾಗಬೇಕಾಯಿತು. ಹೊರಡುವಾಗ ಹಾನ್ ತಮ್ಮ ತಾಯಿಯ ವಜ್ರದುಂಗುರವನ್ನು ಅವರ ಕೈಗಿತ್ತರು. ಗಡಿಯಲ್ಲಿ ಯಾರಿಗಾದರೂ ಲಂಚ ಕೊಡಬೇಕಾದರೆ ಇರಲಿ ಎಂದು.

ಆ ಡಿಸೆಂಬರ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂಗೆ ನ್ಯೂಟ್ರಾನ್ ತಾಗಿಸಿದಾಗ ಬೇರಿಯಂ ಕಂಡಿತು. ಅರ್ಥವಾಗದೆ ಹಾನ್ ಸ್ವೀಡನ್ನಿನಲ್ಲಿದ್ದ ಮೈಟ್ನರ್‌ಗೆ ಪತ್ರ ಬರೆದರು. ಕ್ರಿಸ್‌ಮಸ್‌ಗೆ ಅಲ್ಲಿಗೆ ಬಂದಿದ್ದ ಅವರ ಸೋದರಿಯ ಮಗ ಬೇರೆ ಯಾರೂ ಅಲ್ಲ, ಒಟ್ಟೊ ಫ್ರಿಶ್! ಹಿಮದಲ್ಲಿ ನಡೆಯುತ್ತ, ಮರದ ಬೊಡ್ಡೆಯ ಮೇಲೆ ಕುಳಿತು ಇಬ್ಬರೂ ಲೆಕ್ಕ ಹಾಕಿದರು. ಬೀಜ ದ್ರವದ ಹನಿಯಂತೆ ಎರಡಾಗಿ ಸೀಳುತ್ತದೆ. ಹೊರಬರುವ ಶಕ್ತಿ ಸುಮಾರು 200 ಮಿಲಿಯ ಎಲೆಕ್ಟ್ರಾನ್ ವೋಲ್ಟ್. ಜೀವಕೋಶ ಒಡೆಯುವುದಕ್ಕೆ ಜೀವವಿಜ್ಞಾನಿಗಳು ಬಳಸುತ್ತಿದ್ದ 'ವಿದಳನ' ಎಂಬ ಪದವನ್ನೇ ಫ್ರಿಶ್ ಇದಕ್ಕೆ ಇಟ್ಟರು.

ಒಬ್ಬ ಒಟ್ಟೊ ಕಂಡದ್ದನ್ನು ಇನ್ನೊಬ್ಬ ಒಟ್ಟೊ ವಿವರಿಸಿದರು. ನಡುವೆ ಒಂದು ಗಡಿ, ಆ ಗಡಿ ದಾಟಿ ಬಂದ ಒಬ್ಬ ಮಹಿಳೆ. 1940ರ ಮಾರ್ಚ್‌ನಲ್ಲಿ ಇಂಗ್ಲೆಂಡಿನಲ್ಲಿ ಫ್ರಿಶ್ ಮತ್ತು ಪೈಯರ್ಲ್ಸ್, ಬಾಂಬಿಗೆ ಕೆಲವೇ ಕಿಲೋಗ್ರಾಂ ಪ್ರಮಾಣದ ಯುರೇನಿಯಂ-235 ಸಾಕಾದೀತು ಎಂದು ಸರ್ಕಾರಕ್ಕೆ ತಿಳಿಸಿದರು. ದೇಶದಿಂದ ಹೊರದೂಡಿದ ಜ್ಞಾನ ಎದುರು ಪಾಳಯ ಸೇರಿತ್ತು. 1945ರ ಆಗಸ್ಟ್‌ನಲ್ಲಿ ಹಿರೋಶಿಮಾದ ಸುದ್ದಿ ಬಂದಾಗ ಹಾನ್ ಇಂಗ್ಲೆಂಡಿನಲ್ಲಿ ಬಂಧನದಲ್ಲಿದ್ದರು. ಬಾಂಬು ಮಾಡಿದ್ದು ಅವರಲ್ಲ. ಆದರೂ ಆ ಸಾವುಗಳಿಗೆ ತಾನೇ ಹೊಣೆ ಎಂದು ಕುಸಿದರು. ಅದೇ ವರ್ಷ ನೊಬೆಲ್ ಪ್ರಕಟವಾದಾಗ ಅದು ಹಾನ್ ಒಬ್ಬರಿಗೇ ಸಂದಿತು, ಮೈಟ್ನರ್ ಹೊರಗುಳಿದರು. 1957ರಲ್ಲಿ ಜರ್ಮನಿಗೆ ಪರಮಾಣು ಅಸ್ತ್ರ ಬೇಡವೆಂದು ಸಾರಿದ 18 ವಿಜ್ಞಾನಿಗಳಲ್ಲಿ ಹಾನ್ ಒಬ್ಬರು.

ಕನ್ನಡಿಯಲ್ಲಿ ಬದಲಾಗದ ಹೆಸರು ಎಂದು ಆರಂಭಿಸಿದೆವು. ಹೆಸರು ಬದಲಾಗಲಿಲ್ಲ, ನಿಜ. ಆದರೆ ಒಂದೇ ಊರಿನ ಇಬ್ಬರು ಒಟ್ಟೊಗಳಲ್ಲಿ ಒಬ್ಬರು ಪ್ರಯೋಗಾಲಯದಲ್ಲಿ ಉಳಿದರು, ಇನ್ನೊಬ್ಬರು ಸೆರೆಮನೆಯಲ್ಲಿ ಅಂಚೆಕಾರ್ಡು ಬೇಡಿದರು. ಈ ವ್ಯತ್ಯಾಸ ಪ್ರಕೃತಿ ಮಾಡಿದ್ದಲ್ಲ, ಮನುಷ್ಯರು ಮಾಡಿದ್ದು. ಮುಂದಿನ ಬಾರಿ ತರಗತಿಯಲ್ಲಿ ವಿದಳನದ ಸಮೀಕರಣ ಬರೆಯುವಾಗ, ಅದರ ಪಕ್ಕದಲ್ಲಿ ಈ ಹೆಸರುಗಳನ್ನೂ ಬರೆಯಿರಿ; ಮೈಟ್ನರ್ ಹೆಸರನ್ನು ಮರೆಯದೆ.